ಲ್ಯಾಬ್ ಸಸಿ ಕೊಳ್ಳುವ ಮುಂಚೆ

ಕೇಳುಗರಿಗೆ ನಮಸ್ಕಾರ. ಜೈವಿಕ ತಂತ್ರಜ್ಞಾನದ ಭವಿಷ್ಯದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಆ ಭವಿಷ್ಯ ನಂಜನಗೂಡಿನ ರಸಬಾಳೆ ತೋಟಕ್ಕೆ ಆಗಲೇ ಬಂದಾಗಿದೆ. ನಾನು ಹೇಳುವುದು ಒಂದೇ ಮಾತು. ಲ್ಯಾಬಿನಿಂದ ಏನೇ ಬರಲಿ, ದುಡ್ಡು ಕೊಡುವ ಮುಂಚೆ ಕೇಳಿ: ಇದು ಏನು ಮಾಡುತ್ತೆ, ಏನು ಮಾಡಲ್ಲ?

ದೇವರಸನಹಳ್ಳಿ ಕಡೆಯ ರೈತರೊಬ್ಬರು ನನ್ನನ್ನು ತೋಟಕ್ಕೆ ಕರೆದೊಯ್ದರು. ಟಿಶ್ಯೂ ಕಲ್ಚರ್, ಅಂದರೆ ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿದ ರಸಬಾಳೆ ಸಸಿ ಹಾಕಿದ್ದರು. ಎದೆಮಟ್ಟ ಸೊಗಸಾಗಿ ಬಂತಂತೆ. ಆಮೇಲೆ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬಿದ್ದವು. ಬುಡ ಸೀಳಿಕೊಂಡಿತ್ತು. ಮಚ್ಚು ತಗೊಂಡು ಒಂದು ಗಿಡ ಕಡಿದು ತೋರಿಸಿದರು. ಬೆಳ್ಳಗಿರಬೇಕಾದ ಗೆಡ್ಡೆಯೊಳಗೆ ಇಟ್ಟಿಗೆ ಬಣ್ಣದ ಗೆರೆಗಳು. ಪನಾಮ ಸೊರಗು ರೋಗ, ಮಣ್ಣಿನ ಶಿಲೀಂಧ್ರದಿಂದ ಬರುವಂಥದ್ದು. "ಲ್ಯಾಬ್ ಸಸಿಗೆ ರೋಗ ಬರಲ್ಲ ಅಂದಿದ್ದರಲ್ಲ ಸಾರ್" ಅಂದರು. ಹಾಗೆ ಹೇಳಿ ಮಾರಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬಾಳೆಯ ತುದಿಮೊಗ್ಗಿನ ಸಣ್ಣ ಚೂರನ್ನು ಸಕ್ಕರೆ, ಲವಣದ ಆಹಾರ ಹಾಕಿದ ಬಾಟಲಿಯಲ್ಲಿ ಬೆಳೆಸುತ್ತಾರೆ. ಒಂದು ಚೂರಿನಿಂದ ನೂರಾರು ಸಸಿ! ಅದನ್ನು ನೋಡುವುದೇ ಖುಷಿ. ತಾಯಿಗಿಡ ಚೆನ್ನಾಗಿದ್ದರೆ ಸಸಿ ರೋಗ ಹೊತ್ತು ತರಲ್ಲ. ಅಷ್ಟೇ. ರೋಗ ತಡೆಯುವ ಶಕ್ತಿ ಹೊಸದಾಗಿ ಬರಲ್ಲ. ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತೆ, ಬೇರಿನಿಂದ ಒಳಗೆ ನುಗ್ಗುತ್ತೆ. ಹಾಗಂತ ರೋಗದ ತೋಟದಿಂದ ಕಂದು, ಅಂದರೆ ಬುಡದ ಮರಿಗಿಡ, ಕಿತ್ತು ತಂದರೆ ಇನ್ನೂ ಅಪಾಯ. ಕಂದಿನ ಜೊತೆ ರೋಗವೂ ಬರುತ್ತೆ. ಲ್ಯಾಬ್ ಸಸಿಯನ್ನೇ ತನ್ನಿ, ಆದರೆ ಈ ರೋಗ ಕಾಣದ ಜಮೀನಿಗೆ ಹಾಕಿ. ತಾಯಿಗಿಡ ಎಲ್ಲಿಯದು ಅಂತ ಕೇಳಿ. ನಾಚಿಕೆ ಬೇಡ, ದುಡ್ಡು ನಿಮ್ಮದು ಅಲ್ವಾ?

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳುತ್ತೇನೆ. 2002ರಲ್ಲಿ ನಮ್ಮ ದೇಶಕ್ಕೆ ಬಿಟಿ ಹತ್ತಿ, ಅಂದರೆ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ ಬಂತು. ಅದು ಕಾಯಿಕೊರಕಕ್ಕೆ ಮಾಡಿದ್ದು, ರಸ ಹೀರುವ ಕೀಟಕ್ಕಲ್ಲ. ಎಚ್.ಡಿ. ಕೋಟೆಯ ಹತ್ತಿ ಬೆಳೆಗಾರರು ಇದನ್ನು ಬೀಜದಂಗಡಿಯಲ್ಲೇ ಕೇಳಬೇಕು. 2025ರಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಸಾಂಬಾ ಮಸೂರಿಯನ್ನು ತಿದ್ದಿ ಮಾಡಿದ 'ಕಮಲಾ' ಅದರಲ್ಲಿ ಒಂದು. ಬೇರೆ ಜೀವಿಯ ಜೀನ್ ಸೇರಿಸಿಲ್ಲ, ಭತ್ತದ ಸ್ವಂತ ಜೀನನ್ನೇ ತಿದ್ದಿದ್ದಾರೆ. ಇಂಥ ತಳಿ ನಾಳೆ ಮಂಡ್ಯದ ನಾಲೆ ಬಯಲಿಗೆ ಬಂದರೆ ಸುಮ್ನೆ ಹೆದರಬೇಡಿ, ಸುಮ್ನೆ ನಂಬಲೂ ಬೇಡಿ. ಕೇಳಿ. ನೀರು ಎಷ್ಟು ಬೇಕು? ಎಷ್ಟು ದಿನದ ಬೆಳೆ? ಬೀಜ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದಾ? ಈ ಕೊನೆ ಪ್ರಶ್ನೆಗೆ 2001ರ ಸಸ್ಯ ತಳಿ ಕಾಯ್ದೆ ನಿಮ್ಮ ಬೆನ್ನಿಗಿದೆ. ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಪಕ್ಕದವರಿಗೆ ಕೊಡಬಹುದು. ಬ್ರಾಂಡ್ ಹೆಸರು ಹಾಕದೆ ಮಾರಲೂಬಹುದು. ನಮಸ್ಕಾರ.