ಆ ಸೈನಿಕ ಸತ್ತಿದ್ದು ಹೇಗೆ?

ನಮಸ್ಕಾರ. ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಹಿಂದೆ ಕೂತವರಿಗೂ ಕೇಳಿಸುತ್ತಿದೆ ಅಲ್ವಾ?

ಈ ಮೇಜಿನ ಮೇಲೆ ಎರಡು ತೊಡೆಕವಚ ಇಟ್ಟಿದ್ದೇನೆ. ಎರಡೂ ಸ್ಟಾರ್ ವಾರ್ಸ್ ಸಿನಿಮಾಗಳ ಬಿಳಿ ಸೈನಿಕನದ್ದು, ಅಂದರೆ ಸ್ಟಾರ್ಮ್‌ಟ್ರೂಪರ್‌ನದ್ದು. ಎಡಗಡೆ ಇರುವುದು ನಾನು ಮೊದಲ ಸಲ ಜೋಂಬಿ ಟ್ರೂಪರ್ ವೇಷ, ಅಂದರೆ ಸತ್ತು ಎದ್ದು ಬಂದ ಸೈನಿಕನ ವೇಷ ಮಾಡಿದಾಗಿನದು. ಹಳೆಯದಾಗಿ ಕಾಣಲಿ ಎಂದು ಅಂಚಿಗೆಲ್ಲ ಕಿತ್ತಳೆ, ಕಂದು ಬಣ್ಣ ಬಳಿದು ತುಕ್ಕು ಮಾಡಿದ್ದೆ. ನಾಲ್ಕು ದಿನದ ಕೆಲಸ. ಅದನ್ನು ಹಾಕಿಕೊಂಡು ನಿಂತಿದ್ದಾಗ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಬಂದು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿ, "ಪ್ಲಾಸ್ಟಿಕ್‌ಗೂ ತುಕ್ಕು ಹಿಡಿಯುತ್ತಾ?" ಅಂತ ಕೇಳಿದ.

ಹಿಡಿಯೋದಿಲ್ಲ. ತುಕ್ಕು ಹಿಡಿಯೋದು ಕಬ್ಬಿಣಕ್ಕೆ. ಸ್ಟಾರ್ ವಾರ್ಸ್ ಕಥೆಯ ಒಳಗೂ ಈ ಕವಚ ಲೋಹದ್ದಲ್ಲ, ಪ್ಲಾಸ್ಟಾಯ್ಡ್ ಎಂಬ ಕಲ್ಪನೆಯ ವಸ್ತುವಿನದು. ಆ ಹುಡುಗನ ಪ್ರಶ್ನೆ ನನ್ನ ಕೆಲಸವನ್ನೇ ಬದಲಾಯಿಸಿತು. ಅಲ್ಲಿಯವರೆಗೆ ನಾನು 'ಹಳೆಯದು', 'ಹೊಲಸು', 'ರಕ್ತ' ಅಂತ ಸುಮ್ನೆ ಬಣ್ಣ ಬಳಿಯುತ್ತಿದ್ದೆ. ಈಗ ಬ್ರಷ್ ಮುಟ್ಟುವ ಮೊದಲು ಒಂದು ಕಾಗದ ತೆಗೆದುಕೊಂಡು ಕೂರುತ್ತೇನೆ. ಅದರ ಮೇಲೆ ಬರೆಯೋದು ಒಂದೇ ಪ್ರಶ್ನೆ: ಈ ಮನುಷ್ಯ ಸತ್ತಿದ್ದು ಹೇಗೆ? ಇವತ್ತು ನಾನು ಹೇಳುವುದೆಲ್ಲ ಆ ಪ್ರಶ್ನೆಯ ಸುತ್ತವೇ ಇರುತ್ತದೆ.

ಮೊದಲು ಕವಚದ ವಿಷಯ. 1977ರಲ್ಲಿ ಬಂದ ಮೊದಲ ಸಿನಿಮಾಗೆ ಈ ಸೈನಿಕರ ರೂಪ ಹುಟ್ಟಿದ್ದು ರಾಲ್ಫ್ ಮೆಕ್‌ಕ್ವಾರಿ ಬರೆದ ಚಿತ್ರಗಳಲ್ಲಿ. ಮೈಮೇಲಿನ ಕವಚವನ್ನು ಇಂಗ್ಲೆಂಡಿನಲ್ಲಿ ಬ್ರಯನ್ ಮ್ಯೂರ್ ಜೇಡಿಮಣ್ಣಲ್ಲಿ ತಿದ್ದಿದರು. ಆಮೇಲೆ ಅಚ್ಚು ಮಾಡಿ, ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಹಾಸಿ, ಕೆಳಗಿಂದ ಗಾಳಿ ಎಳೆದರು. ಇದಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಅನ್ನುತ್ತಾರೆ. ಇವತ್ತಿಗೂ ಅಭಿಮಾನಿಗಳು ಇದೇ ದಾರಿಯಲ್ಲಿ, ಹೆಚ್ಚುಕಡಿಮೆ 2 ಮಿಲಿಮೀಟರ್ ದಪ್ಪದ, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಹಾಳೆಯಲ್ಲಿ ಕವಚ ಮಾಡುತ್ತಾರೆ. ಈ ಹೆಲ್ಮೆಟ್ ಬಗ್ಗೆ ಬ್ರಿಟನ್‌ನಲ್ಲಿ ದೊಡ್ಡ ಮೊಕದ್ದಮೆಯೇ ನಡೆಯಿತು. ಇದು ಶಿಲ್ಪವಲ್ಲ, ಸಿನಿಮಾ ಮಾಡಲು ಬಳಸಿದ ಒಂದು ಸಾಮಾನು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿತು. ಕಾನೂನಿನ ಲೆಕ್ಕ ಅವರಿಗೆ ಬಿಟ್ಟಿದ್ದು. ಒಂದು ಹೆಲ್ಮೆಟ್‌ನ ಕೆನ್ನೆಯ ಇಳಿಜಾರನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಾ ರಾತ್ರಿ ಕಳೆದವನಾಗಿ ಹೇಳುತ್ತೇನೆ, ನನಗೆ ಅದು ಶಿಲ್ಪವೇ.

ಈ ಸೈನಿಕನ ವಿಶೇಷ ಏನು ಅಂದರೆ ಅವನಿಗೆ ಮುಖ ಇಲ್ಲ. ಸಾವಿರ ಜನ ಸಾಲಾಗಿ ನಿಂತರೂ ಒಬ್ಬನೇ ಸಾವಿರ ಸಲ ನಿಂತ ಹಾಗೆ. ಗುಂಡು ತಗುಲಿ ಬಿದ್ದರೂ ಯಾರು ಬಿದ್ದರು ಅಂತ ಯಾರೂ ಕೇಳುವುದಿಲ್ಲ. 2009ರಲ್ಲಿ ಸ್ಟಾರ್ ವಾರ್ಸ್ ಲೋಕದ್ದೇ ಒಂದು ಭಯಾನಕ ಕಾದಂಬರಿ ಬಂತು, ಅದರಲ್ಲಿ ಸೋಂಕು ತಗುಲಿದ ಸತ್ತ ಸೈನಿಕರು ಎದ್ದು ಬರುತ್ತಾರೆ. ಅಂಥ ವೇಷ ಯಾಕಿಷ್ಟು ಎದೆಗೆ ತಾಗುತ್ತದೆ ಗೊತ್ತಾ? ಆ ಬಿಳಿ ಚಿಪ್ಪು ಒಡೆದಾಗ ಒಳಗೊಬ್ಬ ಮನುಷ್ಯ ಇದ್ದ ಅನ್ನೋದು ಮೊದಲ ಸಲ ಕಾಣುತ್ತದೆ. ಕಾಣುವಷ್ಟರಲ್ಲಿ ಅವನು ಸತ್ತಿರುತ್ತಾನೆ. ಹಾಗಾಗಿ ನಾನು ಜೋಂಬಿಯನ್ನು ರಾಕ್ಷಸ ಅಂದುಕೊಂಡು ಮಾಡುವುದಿಲ್ಲ. ಒಬ್ಬ ಹುಡುಗ, ಡ್ಯೂಟಿಯಲ್ಲಿದ್ದ, ಹೀಗಾಯಿತು. ಅಷ್ಟೇ.

ಈಗ ಬಲಗಡೆಯ ತೊಡೆಕವಚ ನೋಡಿ. ಇದರಲ್ಲಿ ಕಚ್ಚಿದ ಗುರುತು ಒಂದೂ ಇಲ್ಲ. ಲೇಸರ್ ಬಂದೂಕನ್ನು ತಡೆಯೋಕೆ ಅಂತ ತೊಟ್ಟ ಕವಚವನ್ನು ಹಲ್ಲು ಹೇಗೆ ತೂತು ಮಾಡುತ್ತದೆ? ಎಷ್ಟೋ ವೇಷಗಳಲ್ಲಿ ಎದೆಕವಚದ ಮಧ್ಯೆ ದೊಡ್ಡ ಕಚ್ಚಿದ ಗಾಯ ಇರುತ್ತದೆ. ನೋಡಿದವರಿಗೆ ಏನೋ ಸುಳ್ಳು ಅನ್ನಿಸುತ್ತದೆ, ಯಾಕೆ ಅಂತ ಹೇಳಲು ಬರುವುದಿಲ್ಲ. ಈ ಕವಚ ಮೈ ಪೂರ್ತಿ ಮುಚ್ಚುವುದಿಲ್ಲ. ಕುತ್ತಿಗೆ, ಕಂಕುಳು, ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ, ಇಲ್ಲೆಲ್ಲ ಒಳಗಿನ ಕಪ್ಪು ಬಟ್ಟೆ ಕಾಣುತ್ತದೆ. ಹಲ್ಲು ಹೋಗುವುದು ಅಲ್ಲಿಗೇ. ನನ್ನ ಸೈನಿಕನಿಗೆ ಎಡ ಮಂಡಿಯ ಹಿಂದೆ ಕಚ್ಚಿದ್ದಾರೆ. ಅಂದರೆ ಕಚ್ಚಿದವನು ನೆಲದ ಮೇಲೆ ತೆವಳುತ್ತಿದ್ದ. ನೋಡಿ, ಒಂದು ಗಾಯ ಎಲ್ಲಿದೆ ಅಂತ ತೀರ್ಮಾನ ಮಾಡಿದರೆ ಪಕ್ಕದಲ್ಲಿ ಇನ್ನೊಬ್ಬ ಬಂದುಬಿಟ್ಟ. ಕುಂಟುವುದು ಯಾವ ಕಾಲು ಅನ್ನೋದೂ ತೀರ್ಮಾನವಾಯಿತು. ರಕ್ತ ಮೇಲಿಂದ ಕೆಳಗೆ ಇಳಿಯುವುದರಿಂದ, ಮೀನಖಂಡದ ಕವಚದ ಒಳಗೆ ಇಳಿದು ಬೂಟಿನ ಬಾಯಲ್ಲಿ ಕಟ್ಟಿಕೊಂಡಿರಬೇಕು. ಎದೆಯ ಮೇಲೆ ರಕ್ತ ಎರಚುವ ಅಗತ್ಯವೇ ಇಲ್ಲ.

ಒಡೆದ ಭಾಗಕ್ಕೆ ಬರೋಣ. ಎಬಿಎಸ್ ಅನ್ನು ಕತ್ತರಿಯಿಂದ ಕತ್ತರಿಸಿದರೆ ಕತ್ತರಿಸಿದ ಹಾಗೇ ಕಾಣುತ್ತದೆ. ಬ್ಲೇಡಿನಲ್ಲಿ ಅರ್ಧ ಆಳಕ್ಕೆ ಗೀರಿ, ಇಕ್ಕಳದಲ್ಲಿ ಹಿಡಿದು ಮುರಿಯಿರಿ. ಅಂಚು ಒರಟಾಗಿ ಬರುತ್ತದೆ. ಸುಟ್ಟ ತೂತು ಬೇಕಾದರೆ ಬಿಸಿಗಾಳಿ ಊದುವ ಹೀಟ್ ಗನ್ ಸಾಕು. ಸುಮಾರು 100 ಡಿಗ್ರಿ ದಾಟಿದರೆ ಎಬಿಎಸ್ ಮೆತ್ತಗಾಗುತ್ತದೆ, ಹಿಂಬದಿಯಿಂದ ಒಂದು ಕಡ್ಡಿಯಲ್ಲಿ ತಳ್ಳಿದರೆ ಅಂಚು ಸುರುಳಿಕೊಳ್ಳುತ್ತದೆ. ದಯವಿಟ್ಟು ಬೆಂಕಿ ಮಾತ್ರ ಹಚ್ಚಬೇಡಿ. ಉರಿಯುವ ಎಬಿಎಸ್‌ನ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಸೇರಿ ವಿಷ ಇರುತ್ತದೆ. ಮಸಿ ಬೇಕಾದರೆ ಮ್ಯಾಟ್, ಅಂದರೆ ಹೊಳಪಿಲ್ಲದ ಕಪ್ಪು ಬಣ್ಣವನ್ನು ಒಣ ಸ್ಪಂಜಿನಲ್ಲಿ ತಟ್ಟಿ. ಉಳಿದ ಚೂರುಗಳನ್ನು ಎಸೆಯಬೇಡಿ. ಪ್ಲಾಸ್ಟಿಕ್ ಕರಗಿಸುವ ಅಸಿಟೋನ್ ಎಂಬ ದ್ರವದಲ್ಲಿ ನೆನೆಸಿಟ್ಟರೆ ಮರುದಿನಕ್ಕೆ ದೋಸೆ ಹಿಟ್ಟಿನ ಹದದ ಗಂಜಿ ಸಿಗುತ್ತದೆ. ಅಂಟಿಸಲೂ ಅದೇ, ಬಿರುಕಿನ ಅಂಚು ದಪ್ಪ ಮಾಡಲೂ ಅದೇ. ಆದರೆ ತೆಳ್ಳಗೆ ಬಳಿಯಿರಿ. ಒಮ್ಮೆ ಭುಜದ ತುಂಡಿಗೆ ದಪ್ಪಗೆ ಹಚ್ಚಿ ಮಲಗಿದ್ದೆ, ಬೆಳಿಗ್ಗೆ ಎದ್ದು ನೋಡಿದರೆ ಅಸಿಟೋನು ಕೆಳಗಿನ ಹಾಳೆಯನ್ನೇ ಕರಗಿಸಿ ಅಪ್ಪಚ್ಚಿ ಮಾಡಿತ್ತು. ಎರಡು ವಾರದ ಕೆಲಸ. ಬಹಳ ಬೇಜಾರಾಗಿತ್ತು.

ಕೊಳೆ ಬಳಿಯುವುದರಲ್ಲಿ ನೆನಪಿಡಬೇಕಾದ್ದು ಇಷ್ಟೇ. ಕೈ ತಾಗದ ಸಂದಿಯಲ್ಲಿ ಕೊಳೆ ಕೂರುತ್ತದೆ, ಗೋಡೆಗೆ ತಾಗುವ ಉಬ್ಬಿನಲ್ಲಿ ಗೀರು ಬೀಳುತ್ತದೆ. ಅಕ್ರಿಲಿಕ್ ಕಂದು ಮತ್ತು ಕಪ್ಪನ್ನು ನೀರು ನೀರಾಗಿ ಮಾಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ ಇಡೀ ತುಂಡಿಗೆ ಹಚ್ಚಿ. ಅರ್ಧ ಒಣಗುವಷ್ಟರಲ್ಲಿ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿ. ಹೊಳಪಿನ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಮೊದಲು 400ರ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿಕೊಳ್ಳಿ. ಬಿಳಿ ಅಲ್ಲಲ್ಲಿ ಉಳಿಯಲೇಬೇಕು. ಬಿಳಿ ಉಳಿದರೆ ತಾನೇ ಕೊಳೆ ಕಾಣೋದು?

ರಕ್ತದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. 1968ರಲ್ಲಿ ಜಾರ್ಜ್ ರೊಮೆರೊ ಮಾಡಿದ ಜೋಂಬಿ ಚಿತ್ರ ಕಪ್ಪು ಬಿಳುಪಿನದು, ಅದರಲ್ಲಿ ರಕ್ತ ಅಂತ ಬಳಸಿದ್ದು ಚಾಕಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಬಣ್ಣ ಲೆಕ್ಕಕ್ಕೇ ಇಲ್ಲ, ದಪ್ಪ ಮತ್ತು ಹೊಳಪೇ ಮುಖ್ಯ. ಹತ್ತು ವರ್ಷದ ನಂತರ ಅವರದೇ ಬಣ್ಣದ ಚಿತ್ರಕ್ಕೆ ಮೇಕಪ್ ಮಾಡಿದವರು ಟಾಮ್ ಸಾವಿನಿ. ಅವರು ವಿಯೆಟ್ನಾಂ ಯುದ್ಧದಲ್ಲಿ ಸೇನೆಯ ಫೋಟೋಗ್ರಾಫರ್ ಆಗಿದ್ದವರು, ಸಾವನ್ನು ಕ್ಯಾಮೆರಾದ ಹಿಂದೆ ನಿಂತು ನೋಡಿದವರು. ಬೂದು ಬಳಿದ ಜೋಂಬಿಗಳು ತೆರೆಯ ಮೇಲೆ ಎಷ್ಟೋ ಕಡೆ ನೀಲಿಯಾಗಿ ಕಂಡವು. ಅಷ್ಟು ಕಂಡವರ ಕೈಗೂ ಬಣ್ಣ ಹೀಗೆ ಕೈಕೊಡುತ್ತದೆ ಅನ್ನುವುದನ್ನು ನಾನು ಪ್ರತಿ ಸಲ ನೆನಪಿಸಿಕೊಳ್ಳುತ್ತೇನೆ.

ಒಣಗಿದ ರಕ್ತ ಕೆಂಪಲ್ಲ. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣಕ್ಕೆ ಗಾಳಿ ತಾಗಿ ಅದು ಕಂದಾಗುತ್ತದೆ. ಅಂದರೆ ಈ ವೇಷದಲ್ಲಿ ತುಕ್ಕಿನಂಥ ಬಣ್ಣಕ್ಕೂ ಒಂದು ಜಾಗ ಇದೆ. ಅದು ಕವಚದ ತುಕ್ಕಲ್ಲ, ಮನುಷ್ಯನದು. ಎರಡು ದಿನದ ಹಿಂದೆ ಸತ್ತವನ ಮೈಮೇಲೆ ಕಡುಗೆಂಪು ಹೊಳೆಯುತ್ತಿದ್ದರೆ ಅದು ಬೇರೆಯವರ ರಕ್ತ, ಹಾಗಾದರೆ ಅದು ಬಾಯಿ ಮತ್ತು ಕೈಯ ಹತ್ತಿರ ಮಾತ್ರ ಇರಬೇಕು. ಜೋನಿಬೆಲ್ಲಕ್ಕೆ ಕೆಂಪು ಬಣ್ಣ ಬೆರೆಸಿದರೆ ಹಳೆ ರಕ್ತದ ಹದ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಅಂಗಡಿಯ ಬಾಟಲಿ ಬೇಡ ಅನ್ನಿಸುತ್ತದೆ. ಫೋಟೋ ತೆಗೆಯಲು ಒಂದು ಗಂಟೆ ಸಾಕು ಅಂದರೆ ಅದನ್ನೇ ಬಳಸಿ. ಮನೆಗೆ ಬಂದ ತಕ್ಷಣ ತೊಳೆಯಿರಿ, ಇಲ್ಲದಿದ್ದರೆ ಬೆಳಿಗ್ಗೆ ಕವಚದ ತುಂಬ ಇರುವೆ. ಶಾಶ್ವತವಾದದ್ದಕ್ಕೆ ಅಕ್ರಿಲಿಕ್ ಬಣ್ಣ, ಮೇಲೆ ಹೊಳಪಿನ ವಾರ್ನಿಷ್.

ಇನ್ನು ಚರ್ಮ. ನಮಗೆ ಸಿಗುವ ಪಾಠಗಳೆಲ್ಲ ಬಿಳಿ ಚರ್ಮದವರಿಗೆ ಮಾಡಿದ್ದು. ಅವರು ಬೂದು ಬಳಿದು ಶುರು ಮಾಡುತ್ತಾರೆ. ನಮ್ಮ ಬಣ್ಣದ ಮೈಮೇಲೆ ಅದನ್ನೇ ಬಳಿದರೆ ವಿಭೂತಿ ಹಚ್ಚಿದ ಹಾಗೆ ಕಾಣುತ್ತದೆ. ಕಂದು ಚರ್ಮದಲ್ಲಿ ರಕ್ತ ಇಳಿದದ್ದು ಮೊದಲು ಗೊತ್ತಾಗುವುದು ತುಟಿಯಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ, ಕಣ್ಣಿನ ಕೆಳರೆಪ್ಪೆಯ ಒಳಗೆ. ಅಲ್ಲಿಂದ ಶುರು ಮಾಡಿ. ಕೆನ್ನೆಗೆ ನಿಮ್ಮ ಮೈಬಣ್ಣಕ್ಕಿಂತ ಸ್ವಲ್ಪ ಮಂಕಾದದ್ದು ಸಾಕು. ಹಸಿರು ಎಲ್ಲಕ್ಕಿಂತ ಕೊನೆಗೆ, ಅದೂ ಬಹಳ ಕಡಿಮೆ.

ಸತ್ತ ಮೇಲೆ ರಕ್ತ ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಅಲ್ಲಿ ಚರ್ಮ ನೇರಳೆಗಪ್ಪಾಗುತ್ತದೆ. ಒತ್ತಿಕೊಂಡ ಜಾಗದಲ್ಲಿ ಮಾತ್ರ ರಕ್ತ ಸೇರದೆ ಬಿಳಚಿ ಉಳಿಯುತ್ತದೆ. ನನ್ನ ಸೈನಿಕ ಬೋರಲು ಬಿದ್ದು ಸತ್ತ ಅಂತ ಬರೆದುಕೊಂಡೆ. ಹಾಗಾದರೆ ಮುಖವೆಲ್ಲ ಕಪ್ಪಾಗಬೇಕು. ಆದರೆ ಹೆಲ್ಮೆಟ್ ಒಳಗಿನ ಮೆತ್ತೆಯ ಪಟ್ಟಿ ಹಣೆಗೆ ಒತ್ತಿರುತ್ತದೆ ಅಲ್ವಾ? ಅಲ್ಲೊಂದು ಬಿಳಚಿದ ಅಡ್ಡಗೆರೆ ಬರಬೇಕು. ಆ ಒಂದು ಗೆರೆ ಬರೆಯಲು ನನಗೆ ಹತ್ತು ನಿಮಿಷ ಹಿಡಿಯಿತು. ಅದೇ ನನ್ನ ಇಡೀ ವೇಷದಲ್ಲಿ ಅತ್ಯಂತ ನಿಜವಾದ ಗುರುತು. ಉಗುರು ಬೆಳೆದಿದೆ ಅಂತ ಉದ್ದ ಮಾಡಬೇಡಿ. ಸತ್ತ ಮೇಲೆ ಉಗುರು ಬೆಳೆಯುವುದಿಲ್ಲ, ಸುತ್ತಲ ಚರ್ಮ ಒಣಗಿ ಹಿಂದೆ ಸರಿಯುತ್ತದೆ. ಹಾಗಾಗಿ ಉಗುರಿನ ಬುಡಕ್ಕೆ ನೆರಳು ಕೊಡಿ ಸಾಕು.

ಹರಿದ ಚರ್ಮಕ್ಕೆ ಲಿಕ್ವಿಡ್ ಲೇಟೆಕ್ಸ್ ಅನ್ನುವ ದ್ರವ ರಬ್ಬರ್ ಮತ್ತು ಟಿಶ್ಯೂ ಪೇಪರ್, ಒಂದರ ಮೇಲೊಂದು ನಾಲ್ಕೈದು ಪದರ. ಪ್ರತಿ ಪದರ ಒಣಗುವವರೆಗೆ ಕಾಯಲೇಬೇಕು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರನ್ನು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ನೋಡಿದ್ದೀರಾ? ಕನ್ನಡಿ ಮುಂದೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಮುಳ್ಳು ಮುಳ್ಳಾಗಿ ತಾವೇ ಮುಖಕ್ಕೆ ಚುಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಆಗುತ್ತದೆ. ಅವಸರ ಅನ್ನುವುದೇ ಇರುವುದಿಲ್ಲ. ತಾಳ್ಮೆ ಅಂದರೆ ಏನು ಅಂತ ನಾನು ಕಲಿತದ್ದು ಅಲ್ಲಿ ನಿಂತು ನೋಡಿ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡುವಂತಿಲ್ಲ. ಲೇಟೆಕ್ಸ್ ಅಲರ್ಜಿ ಇರುವವರಿಗೆ ಅದು ಪ್ರಾಣಕ್ಕೇ ಬರಬಹುದು. ಹಿಂದಿನ ದಿನವೇ ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ನೋಡಿ. ಹುಬ್ಬಿಗೆ ವ್ಯಾಸಲೀನ್ ಹಚ್ಚಿಕೊಳ್ಳಿ. ಬಿಳಿಗಣ್ಣಿನ ಲೆನ್ಸ್ ಬೇಕೇ ಬೇಕು ಅಂದರೆ ಕಣ್ಣಿನ ವೈದ್ಯರ ಹತ್ತಿರ ಅಳತೆ ಕೊಟ್ಟೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಶೋಕಿಯ ಲೆನ್ಸನ್ನೂ ವೈದ್ಯಕೀಯ ಸಾಧನ ಅಂತಲೇ ಪರಿಗಣಿಸುತ್ತಾರೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಕವಚದೊಳಗೆ ಗಾಳಿ ಆಡುವುದಿಲ್ಲ. ಹೆಲ್ಮೆಟ್‌ನಲ್ಲಿ ಎರಡು ಪುಟ್ಟ ಫ್ಯಾನ್ ಇಟ್ಟುಕೊಂಡರೂ ನಾನು ಅರ್ಧ ಗಂಟೆಗಿಂತ ಜಾಸ್ತಿ ಹಾಕುವುದಿಲ್ಲ. ಮುಂದೇನಿದೆ ಅಂತ ಸರಿಯಾಗಿ ಕಾಣುವುದೂ ಇಲ್ಲ. ಪಕ್ಕದಲ್ಲಿ ಕೈಹಿಡಿದು ನಡೆಸಲು ಒಬ್ಬರು ಇರಲೇಬೇಕು.

ಇನ್ನೊಂದು ಮಾತು ಮನಸ್ಸಿನಿಂದ ಹೇಳುತ್ತಿದ್ದೇನೆ. ಅಮೆರಿಕದಲ್ಲಿ ಆಲ್ಬಿನ್ ಜಾನ್ಸನ್ 1997ರಲ್ಲಿ ಶುರು ಮಾಡಿದ 501ನೇ ಲೀಜನ್ ಅನ್ನುವ ಅಭಿಮಾನಿಗಳ ಕೂಟ ಇದೆ. ಇದೇ ಬಿಳಿ ಕವಚ ತೊಟ್ಟು ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನಗಿಸಲು ಹೋಗುತ್ತಾರೆ. ಅದು ಬಿಳಿಯಾಗಿರುವ ಕವಚದ ಕೆಲಸ. ಜೋಂಬಿ ವೇಷ ಮಕ್ಕಳ ವಾರ್ಡಿಗೆ ಅಲ್ಲ. ನಾನು ಇದನ್ನು ಹಾಕಿದ ದಿನ ಪುಟ್ಟ ಮಕ್ಕಳು ಎದುರಿಗೆ ಬಂದರೆ ನಿಂತಲ್ಲೇ ಮಂಡಿಯೂರಿ ಹೆಲ್ಮೆಟ್ ತೆಗೆದುಬಿಡುತ್ತೇನೆ. ವೇಷ ಕೆಟ್ಟರೂ ಪರವಾಗಿಲ್ಲ.

ಕೊನೆಗೆ ಹೆಲ್ಮೆಟ್. ಇದನ್ನು ಒಡೆಯುವಾಗ ನನಗೆ ನಿಜವಾಗಿ ಸಂಕಟವಾಗಿತ್ತು. ಪೂರ್ತಿ ಒಡೆದಿಲ್ಲ. ಬಲಗಣ್ಣಿನ ಗಾಜು, ಅದರ ಕೆಳಗೆ ಕೆನ್ನೆಯ ಒಂದು ಚೂರು, ಅಷ್ಟೇ. ಒಂದು ಕಣ್ಣು ಕಂಡರೆ ಸಾಕು, ಉಳಿದ ಮುಖವನ್ನು ನೋಡುವವರು ತಾವೇ ಕಟ್ಟಿಕೊಳ್ಳುತ್ತಾರೆ. ಒಡೆದ ಅಂಚು ಹೊರಗೆ ಬಾಗಿದೆ, ಗಮನಿಸಿ. ಹೊರಗಿನಿಂದ ಹೊಡೆತ ಬಿದ್ದಿದ್ದರೆ ಒಳಗೆ ಬಾಗಬೇಕಿತ್ತು. ಹೆಲ್ಮೆಟ್ ಹೇಗೆ ತೆಗೆಯುವುದು ಅನ್ನುವುದು ಎದ್ದು ಕೂತವನಿಗೆ ಮರೆತುಹೋಗಿದೆ. ಉಳಿದ ಎಡಗಣ್ಣಿನ ಗಾಜಿನ ಒಳಮೈಗೆ ಅವನ ಕೊನೆಯ ಉಸಿರಿನ ಮಂಜು ಹಿಡಿದಿದೆ, ಅದು ಮ್ಯಾಟ್ ವಾರ್ನಿಷ್. ಅದರ ಪಕ್ಕ ಒಳಗೋಡೆಯಲ್ಲಿ ಸಣ್ಣ ಗೀರುಗಳಿವೆ, ಹಲ್ಲಿನವು. ಹಾಕಿಕೊಂಡಾಗ ಅವು ಯಾರಿಗೂ ಕಾಣುವುದಿಲ್ಲ. ಅವು ಅಲ್ಲಿವೆ ಅಂತ ನನಗೆ ಗೊತ್ತಿರುವುದರಿಂದ ನನ್ನ ನಡಿಗೆಯೇ ಬೇರೆಯಾಗುತ್ತದೆ.

ಈಗ ಇದನ್ನು ಮೊದಲ ಸಾಲಿನಿಂದ ಕೈಯಿಂದ ಕೈಗೆ ದಾಟಿಸುತ್ತೇನೆ. ತಿರುಗಿಸಿ, ಬೆಳಕಿಗೆ ಹಿಡಿದು ಒಳಗೆ ನೋಡಿ. ಬಲಗಣ್ಣಿನ ಅಂಚು ಇನ್ನೂ ಚೂಪಾಗಿದೆ, ಬೆರಳು ಹುಷಾರು.