ಟೆಲಿಕಾಂ ಇಂಟರ್‌ವ್ಯೂಗೆ ಹೊರಟವರಿಗೆ

ಕೇಳುಗರಿಗೆ ನಮಸ್ಕಾರ. ಟೆಲಿಕಾಂ ಕೆಲಸಕ್ಕೆ ಇಂಟರ್‌ವ್ಯೂ ಇದೆ ಅಂದ ತಕ್ಷಣ ಹೆಚ್ಚಿನವರು 2ಜಿ, 3ಜಿ, 4ಜಿ, 5ಜಿ ಅಂತ ಪಟ್ಟಿ ಬರೆದು, ಯಾವುದಕ್ಕೆ ಎಷ್ಟು ಸ್ಪೀಡು ಅಂತ ಬಾಯಿಪಾಠ ಮಾಡಲು ಕೂರುತ್ತಾರೆ. ಪಟ್ಟಿ ಬೇಡ ಅಂತಲ್ಲ. ಆದರೆ ಅದು ಮೊದಲ ಎರಡು ನಿಮಿಷಕ್ಕೇ ಮುಗಿದುಹೋಗುತ್ತದೆ. ಆಮೇಲೆ ಶುರುವಾಗುವುದು ‘ಯಾಕೆ’ ಅನ್ನುವ ಪ್ರಶ್ನೆಗಳು.

ನನ್ನನ್ನು ಕೇಳಿದರೆ ಮೊದಲು ಕಲಿಯಬೇಕಾದ್ದು ಡಿಬಿ, ಅಂದರೆ ಡೆಸಿಬೆಲ್ ಲೆಕ್ಕ, ಪವರ್ ಎಷ್ಟು ಪಟ್ಟು ಏರಿತು, ಇಳಿಯಿತು ಅಂತ ಹೇಳುವ ಅಳತೆ. ಮೊಬೈಲ್ ಕಡೆಗೂ ಅದೇ, ಫೈಬರ್ ಕಡೆಗೂ ಅದೇ. 3 ಡಿಬಿ ಏರಿದರೆ ಪವರ್ ಎರಡು ಪಟ್ಟು, 10 ಡಿಬಿ ಏರಿದರೆ ಹತ್ತು ಪಟ್ಟು. ಡಿಬಿಎಂ ಅಂದರೆ 1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ, ಹಾಗಾಗಿ 0 ಡಿಬಿಎಂ ಅಂದರೆ 1 ಮಿಲಿವ್ಯಾಟ್. ಇಷ್ಟು ಗೊತ್ತಿದ್ದರೆ ಕ್ಯಾಲ್ಕುಲೇಟರ್ ಬೇಕಿಲ್ಲ. 43 ಡಿಬಿಎಂ ಎಷ್ಟು ಅಂತ ಕೇಳಿದರು ಅನ್ನಿ. 40 ಅಂದರೆ ಹತ್ತು ಸಾವಿರ ಮಿಲಿವ್ಯಾಟ್, ಅಂದರೆ 10 ವ್ಯಾಟ್. ಮೇಲೆ ಇನ್ನು 3 ಇದೆ, ಎರಡು ಪಟ್ಟು ಮಾಡಿ, 20 ವ್ಯಾಟ್. ಮುಗಿಯಿತು.

ಈಗ ಎಲ್ಲರೂ ಕೇಳುವ ಒಂದು ಪ್ರಶ್ನೆ. ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಓಡುತ್ತಿಲ್ಲ, ಯಾಕೆ? ‘ಸರ್ವರ್ ಡೌನ್ ಇರಬಹುದು’ ಅಂತ ಸುಮ್ನೆ ತಳ್ಳಿಬಿಡಬೇಡಿ. ಕಡ್ಡಿ ಹೆಚ್ಚಾಗಿ ತೋರಿಸುವುದು ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವುದನ್ನು, ಅಂದರೆ ಆರ್‌ಎಸ್‌ಆರ್‌ಪಿ. ಸ್ಪೀಡನ್ನು ತೀರ್ಮಾನಿಸುವುದು ಎಸ್‌ಐಎನ್‌ಆರ್, ಅಂದರೆ ಪಕ್ಕದ ಸೆಲ್‌ಗಳ (ಒಂದೊಂದು ಟವರ್ ಆಂಟೆನಾ ಆವರಿಸುವ ಪ್ರದೇಶ) ಗದ್ದಲ, ನಾಯ್ಸ್ ಇವುಗಳ ಮುಂದೆ ನಮ್ಮ ಸಿಗ್ನಲ್ ಎಷ್ಟು ಮೇಲಿದೆ ಅನ್ನುವುದು. 1948ರಲ್ಲಿ ಮಾಹಿತಿ ಸಿದ್ಧಾಂತ ಕಟ್ಟಿದ ಗಣಿತಜ್ಞ ಕ್ಲಾಡ್ ಶಾನನ್ ಹೇಳಿದ್ದೂ ಇದನ್ನೇ ಅಲ್ವಾ, ಒಂದು ಚಾನೆಲ್‌ನಲ್ಲಿ ಎಷ್ಟು ಮಾಹಿತಿ ಹರಿಯಬಹುದು ಅನ್ನುವುದು ಬ್ಯಾಂಡ್‌ವಿಡ್ತ್ (ಚಾನೆಲ್‌ನ ಆವರ್ತನದ ಅಗಲ) ಮತ್ತು ಸಿಗ್ನಲ್-ನಾಯ್ಸ್ ಅನುಪಾತದ ಮೇಲೆ ನಿಂತಿದೆ. ಎಸ್‌ಐಎನ್‌ಆರ್ ಕೂಡ ಚೆನ್ನಾಗಿದ್ದರೆ ಆಮೇಲೆ ಸೆಲ್ ಮೇಲಿನ ಲೋಡ್ ನೋಡಬೇಕು, ಅದೂ ಸರಿ ಇದ್ದರೆ ಟವರ್‌ನಿಂದ ಹಿಂದಕ್ಕೆ ಹೋಗುವ ಬ್ಯಾಕ್‌ಹಾಲ್. ಈ ಕ್ರಮದಲ್ಲಿ ಹೇಳಿದರೆ ಎದುರಿಗೆ ಕೂತವರಿಗೆ ನಿಮ್ಮ ಯೋಚನೆ ಕಾಣುತ್ತದೆ.

ಇನ್ನೊಂದು, ನನಗೆ ತುಂಬಾ ಇಷ್ಟದ ಪ್ರಶ್ನೆ. 4ಜಿಯಲ್ಲಿ ಡೌನ್‌ಲಿಂಕ್‌ಗೆ (ಟವರ್‌ನಿಂದ ಫೋನಿಗೆ) ಒಎಫ್‌ಡಿಎಂಎ, ಅಪ್‌ಲಿಂಕ್‌ಗೆ (ಫೋನಿನಿಂದ ಟವರ್‌ಗೆ) ಮಾತ್ರ ಎಸ್‌ಸಿ-ಎಫ್‌ಡಿಎಂಎ ಅನ್ನುವ ಬೇರೆ ಬಗೆಯ ಸಿಗ್ನಲ್ ಯಾಕೆ? ಒಎಫ್‌ಡಿಎಂಎಯ ಬುನಾದಿಯಾದ ಒಎಫ್‌ಡಿಎಂನಲ್ಲಿ ನೂರಾರು ಸಬ್‌ಕ್ಯಾರಿಯರ್ (ಮಾಹಿತಿ ಹೊರುವ ಸಣ್ಣ ಸಣ್ಣ ವಾಹಕ ತರಂಗಗಳು) ಒಟ್ಟಿಗೆ ಸೇರುತ್ತವೆ, ಕೆಲವೊಮ್ಮೆ ಎಲ್ಲವೂ ಒಂದೇ ಕ್ಷಣಕ್ಕೆ ಮೇಲೆದ್ದು ಸರಾಸರಿಗಿಂತ ಎಷ್ಟೋ ಎತ್ತರದ ಪೀಕ್ ಬರುತ್ತದೆ, ಆ ಪೀಕ್ ಕೆಡದಂತೆ ಕಳಿಸಬೇಕಾದರೆ ಆಂಪ್ಲಿಫೈಯರನ್ನು ಅದರ ಶಕ್ತಿಗಿಂತ ಕೆಳಗೇ ಓಡಿಸಬೇಕು. ಟವರ್‌ಗೆ ಅದು ನಡೆಯುತ್ತದೆ. ಫೋನಿಗೆ ಬ್ಯಾಟರಿ ಖಾಲಿಯಾಗುತ್ತದೆ. ಎಸ್‌ಸಿ-ಎಫ್‌ಡಿಎಂಎಯಲ್ಲಿ ಅಷ್ಟು ಎತ್ತರದ ಪೀಕ್ ಬರುವುದಿಲ್ಲ. ಅಲ್ಲದೆ ಸಾಮಾನ್ಯ ಫೋನಿನ ಗರಿಷ್ಠ ಪವರ್ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಟವರ್ ಮೇಲೆ ಲೆಕ್ಕ ಹಾಕಿದ 43 ಡಿಬಿಎಂ ಅನ್ನಿ, ಫೋನ್ 23. 20 ಡಿಬಿ ವ್ಯತ್ಯಾಸ, ನೂರು ಪಟ್ಟು! ಸೆಲ್‌ನ ಅಂಚಿನಲ್ಲಿ ಟವರ್ ಹೇಳಿದ್ದು ಫೋನಿಗೆ ಕೇಳಿಸಿದರೂ ಫೋನ್ ಹೇಳಿದ್ದು ಟವರ್‌ಗೆ ಮುಟ್ಟದೇ ಹೋಗುವುದು ಇದಕ್ಕೇ. 5ಜಿಯಲ್ಲಿ ಅಪ್‌ಲಿಂಕ್‌ಗೆ ಎರಡೂ ಬಗೆಯನ್ನು ಇಟ್ಟಿದ್ದಾರೆ, ಕವರೇಜ್ ಕಷ್ಟ ಇರುವಲ್ಲಿ ಕಡಿಮೆ ಪೀಕ್‌ನ ಆ ಹಳೆಯ ಅಪ್‌ಲಿಂಕ್ ಬಗೆಯೇ ಕೈ ಹಿಡಿಯುತ್ತದೆ.

5ಜಿ ಬಗ್ಗೆ ಚುಟುಕಾಗಿ. 4ಜಿಯಲ್ಲಿ ಸಬ್‌ಕ್ಯಾರಿಯರ್‌ಗಳ ಅಂತರ 15 ಕಿಲೋಹರ್ಟ್ಸ್, 5ಜಿಯಲ್ಲಿ ಅದು 30, 60, 120 ಅಂತ ಏರಬಹುದು. ಅಂತರ ಎರಡು ಪಟ್ಟಾದರೆ ಸಿಂಬಲ್‌ನ (ಒಂದು ಸಲಕ್ಕೆ ಕಳಿಸುವ ಮಾಹಿತಿಯ ತುಣುಕಿನ) ಕಾಲ ಅರ್ಧ. ಎನ್‌ಎಸ್‌ಎ ಅಂದರೆ 5ಜಿ ರೇಡಿಯೋ 4ಜಿಯ ಆಸರೆಯಲ್ಲಿ ಓಡುವುದು, ಎಸ್‌ಎ ಅಂದರೆ ಅದಕ್ಕೆ ತನ್ನದೇ ಕೋರ್ (ಟವರ್‌ಗಳ ಹಿಂದಿರುವ ಮುಖ್ಯ ನೆಟ್‌ವರ್ಕ್) ಇರುವುದು. ಆ ಕೋರ್‌ನ ಭಾಗಗಳಾದ ಎಎಂಎಫ್, ಎಸ್‌ಎಂಎಫ್, ಯುಪಿಎಫ್ ಏನು ಮಾಡುತ್ತವೆ ಅಂತ ಒಂದೊಂದು ವಾಕ್ಯ ಹೇಳಲು ಬಂದರೆ ಹೊಸಬರಿಗೆ ಸಾಕು.

ಫೈಬರ್‌ಗೆ ಬರೋಣ. 1966ರಲ್ಲಿ ಎಂಜಿನಿಯರ್‌ಗಳಾದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್, ಗಾಜಿನ ನಷ್ಟ ಕಿಲೋಮೀಟರ್‌ಗೆ 20 ಡಿಬಿಗೆ ಇಳಿದರೆ ಬೆಳಕಿನಲ್ಲಿ ಸಂದೇಶ ಕಳಿಸಬಹುದು ಅಂತ ತೋರಿಸಿದರು. ಕಾವೊಗೆ 2009ರಲ್ಲಿ ನೊಬೆಲ್ ಬಂತು. 20 ಡಿಬಿ ಅಂದರೆ ಒಂದು ಕಿಲೋಮೀಟರ್‌ನಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಸಾಕು ಅಂತ. ಇವತ್ತಿನ ಸಿಂಗಲ್ ಮೋಡ್ ಫೈಬರ್‌ನಲ್ಲಿ 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ನಷ್ಟ ಕಿಲೋಮೀಟರ್‌ಗೆ ಸುಮಾರು 0.2 ಡಿಬಿ. ಅದೇ 20 ಡಿಬಿ ಕಳೆಯಲು ಈಗ 100 ಕಿಲೋಮೀಟರ್ ಬೇಕು.

ಮನೆ ಮನೆಗೆ ಫೈಬರ್ ಅಂದರೆ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಕೇಳಿಯೇ ಕೇಳುತ್ತಾರೆ. ಕೆಳಕ್ಕೆ, ಅಂದರೆ ಕಂಪನಿಯಿಂದ ಮನೆಗೆ, ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, 1490 ನ್ಯಾನೋಮೀಟರ್. ಮನೆಯಿಂದ ಮೇಲಕ್ಕೆ 1.25 ಗಿಗಾಬಿಟ್, 1310 ನ್ಯಾನೋಮೀಟರ್. ಒಂದು ಫೈಬರನ್ನು 32 ಮನೆಗೆ ಹಂಚಿದರೆ ಎಷ್ಟು ನಷ್ಟ? ಐದು ಸಲ ಅರ್ಧ ಮಾಡಿದಂತೆ, ಐದು ಮೂರ್ಲಿ 15 ಡಿಬಿ. ಬೆಳಕು ಹಂಚುವ ನಿಜವಾದ ಸ್ಪ್ಲಿಟರ್‌ನಲ್ಲಿ 17ರ ಆಸುಪಾಸು. 20 ಕಿಲೋಮೀಟರ್ ಫೈಬರ್‌ಗೆ 1310ರಲ್ಲಿ 7 ಡಿಬಿ ಸೇರಿಸಿ, 24 ಆಯಿತು. ಬಿ ಪ್ಲಸ್ ದರ್ಜೆಯ ಆಪ್ಟಿಕ್ಸ್ (ಬೆಳಕು ಕಳಿಸಿ ಹಿಡಿಯುವ ಸಾಧನ) ತಾಳುವ ನಷ್ಟದ ಮಿತಿ 28 ಡಿಬಿ. ಉಳಿದ 4 ಡಿಬಿಯಲ್ಲಿ ಕನೆಕ್ಟರ್, ಸ್ಪ್ಲೈಸ್ (ಫೈಬರ್ ತುದಿಗಳನ್ನು ಬೆಸೆದ ಜಾಗ) ಎಲ್ಲ ಮುಗಿಸಬೇಕು.

ಆಮೇಲೆ ಸ್ವಲ್ಪ ಕೆಣಕುವ ಪ್ರಶ್ನೆ: 32 ಮನೆಯವರೂ ಒಂದೇ ಫೈಬರ್‌ನಲ್ಲಿ ಮೇಲಕ್ಕೆ ಕಳಿಸಿದರೆ ಡಿಕ್ಕಿ ಆಗುವುದಿಲ್ಲವೇ? ಎಲ್ಲರಿಗೂ ಸರದಿ ಇದೆ. ಆದರೆ ಸರದಿ ಮಾತ್ರ ಸಾಲದು. ಗಾಜಿನಲ್ಲಿ ಬೆಳಕಿಗೆ ಒಂದು ಕಿಲೋಮೀಟರ್‌ಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. 2 ಕಿಲೋಮೀಟರ್ ದೂರದ ಮನೆಗೂ 20 ಕಿಲೋಮೀಟರ್ ದೂರದ ಮನೆಗೂ ಒಂದು ದಿಕ್ಕಿಗೇ 90 ಮೈಕ್ರೋಸೆಕೆಂಡ್ ವ್ಯತ್ಯಾಸ. ಅದಕ್ಕೆ ಕಂಪನಿ ಕಡೆಯ ಯಂತ್ರವಾದ ಒಎಲ್‌ಟಿ ಪ್ರತಿ ಮನೆಯ ದೂರವನ್ನು ಮೊದಲೇ ಅಳೆದು, ಹತ್ತಿರ ಇರುವವರಿಗೆ ‘ನೀವು ಇಷ್ಟು ತಡೆದು ಕಳಿಸಿ’ ಅನ್ನುತ್ತದೆ. ರೇಂಜಿಂಗ್ ಅನ್ನುವುದು ಇದನ್ನೇ.

ಫೀಲ್ಡ್ ಕೆಲಸಕ್ಕೆ ಹೋಗುವವರಿಗೆ ಒಟಿಡಿಆರ್ (ಫೈಬರ್‌ಗೆ ಬೆಳಕು ಬಿಟ್ಟು, ಮರಳಿ ಬರುವುದನ್ನು ನೋಡಿ ನಷ್ಟ ಎಲ್ಲಿದೆ ಅಂತ ತೋರಿಸುವ ಉಪಕರಣ) ಪ್ರಶ್ನೆ ಬರುತ್ತದೆ. ಗ್ರಾಫ್‌ನಲ್ಲಿ ಒಂದು ಕಡೆ ನಷ್ಟ ಕಾಣುತ್ತಿದೆ, ಸ್ಪ್ಲೈಸ್ ಕೆಟ್ಟಿದೆಯೋ ಅಥವಾ ಕೇಬಲ್ ಬಾಗಿದೆಯೋ, ಅಗೆಯದೆ ಹೇಗೆ ಹೇಳುತ್ತೀರಿ ಅಂತ. 1310ರಲ್ಲೂ 1550ರಲ್ಲೂ ಅಳೆಯಿರಿ. ಎರಡರಲ್ಲೂ ನಷ್ಟ ಹೆಚ್ಚುಕಡಿಮೆ ಒಂದೇ ಆದರೆ ಸ್ಪ್ಲೈಸ್ ಮೇಲೆ ಅನುಮಾನ ಪಡಿ. 1550ರಲ್ಲಿ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ, ಅಲ್ಲೆಲ್ಲೋ ಫೈಬರ್ ಬಿಗಿಯಾಗಿ ಬಾಗಿದೆ.