ಬೇಸಿಗೆ ಬಂದರೆ ಮನೆ ಖಾಲಿ ಮಾಡಬೇಕಾದವರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸೇರಿದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ, ಬೇಸಿಗೆಯ ಪ್ರವಾಸಿಗರು ಬಂದಿಳಿಯುವ ಹೊತ್ತಿಗೆ ಸರಿಯಾಗಿ ಅಲ್ಲಿಯೇ ದುಡಿದು ಬದುಕುವ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಚಳಿಗಾಲಕ್ಕೆಂದು ಬಾಡಿಗೆಗೆ ಸಿಕ್ಕಿದ್ದ ಮನೆ ಬೇಸಿಗೆಯಲ್ಲಿ ವಾರದ ಲೆಕ್ಕದಲ್ಲಿ ರಜೆಗೆ ಬಂದವರ ಪಾಲಾಗುತ್ತದೆ. ಪಾತ್ರೆಪಗಡ, ಹಾಸಿಗೆ, ಮಕ್ಕಳ ಶಾಲೆಯ ಚೀಲಗಳನ್ನೆಲ್ಲ ಕಾರಿಗೆ ತುಂಬಿಕೊಂಡು, ಪರಿಚಿತರ ಮನೆಯ ಒಂದು ಕೋಣೆಯಲ್ಲೋ ಡೇರೆಯಲ್ಲೋ ತಿಂಗಳುಗಳನ್ನು ಕಳೆದು, ಪ್ರವಾಸಿಗರು ಹಿಂದಿರುಗಿದ ಮೇಲೆ ಅವರು ಮತ್ತೆ ಮನೆ ಹುಡುಕಬೇಕು. ಇದು ಎಷ್ಟು ವಾಡಿಕೆಯಾಗಿದೆಯೆಂದರೆ, ಅಲ್ಲಿನವರು ಇದಕ್ಕೆ ‘ವಿನ್‌ಯಾರ್ಡ್ ಶಫಲ್’ ಎಂದು ಹೆಸರನ್ನೇ ಇಟ್ಟಿದ್ದಾರೆ.

ಮಾಲೀಕರನ್ನು ದೂರುವುದು ನನ್ನ ಉದ್ದೇಶವಲ್ಲ. ಬೇಸಿಗೆಯ ಕೆಲವೇ ವಾರಗಳಲ್ಲಿ ಚಳಿಗಾಲದ ಹಲವು ತಿಂಗಳ ಬಾಡಿಗೆ ಕೈಸೇರುವಾಗ ಯಾರಾದರೂ ಅದೇ ಲೆಕ್ಕ ಹಾಕುತ್ತಾರೆ. ಆದ್ದರಿಂದಲೇ ಇದನ್ನು ಅವರ ಒಳ್ಳೆಯತನಕ್ಕೆ ಬಿಡಲಾಗದು, ಕಾನೂನು ನಡುವೆ ಬರಲೇಬೇಕು ಎಂದು ನಾನು ನಂಬುತ್ತೇನೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಸೇಂಟ್ ಐವ್ಸ್ ಎಂಬ ಕಡಲ ಪಟ್ಟಣದಲ್ಲಿ 2016ರಲ್ಲಿ ಜನಮತ ಪಡೆದಾಗ, ಮತ ಹಾಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ, ಹೊಸದಾಗಿ ಕಟ್ಟುವ ಮನೆಗಳು ಕಾಯಂ ವಾಸಕ್ಕೇ ಮೀಸಲಾಗಬೇಕೆಂಬ ಯೋಜನೆಯನ್ನು ಒಪ್ಪಿದರು. ಆ ದಿಟ್ಟತನವನ್ನು ಮೆಚ್ಚುತ್ತಲೇ ಅದರ ಕೊರತೆಯನ್ನೂ ಹೇಳಬೇಕು. ಹಳೆಯ ಮನೆಗಳಿಗೆ ಈ ನಿಯಮ ತಾಗುವುದಿಲ್ಲವಾದ್ದರಿಂದ, ರಜೆಯ ಮನೆ ಬೇಕೆನ್ನುವವರು ಬಂದರಿನ ಬಳಿಯ, ಒಂದು ಕಾಲದಲ್ಲಿ ಮೀನುಗಾರರು ವಾಸವಿದ್ದ ಪುಟ್ಟ ಮನೆಗಳಿಗೇ ಹೆಚ್ಚು ಬೆಲೆ ಕೊಡಲು ದಾರಿ ತೆರೆದೇ ಇದೆ. ವೇಲ್ಸ್ ಬೇರೆ ಹಾದಿ ಹಿಡಿದು, ಎರಡನೆಯ ಮನೆಗಳ ಮೇಲೆ ಶೇ. 300ರವರೆಗೆ ಹೆಚ್ಚುವರಿ ಕೌನ್ಸಿಲ್ ತೆರಿಗೆ (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ವಿಧಿಸುವ ಅಧಿಕಾರವನ್ನು 2023ರಿಂದ ಸ್ಥಳೀಯ ಆಡಳಿತಗಳಿಗೆ ನೀಡಿದೆ. ಅದರಿಂದ ಬೊಕ್ಕಸಕ್ಕೆ ಹಣ ಬರುತ್ತದೆ, ನಿಜ. ಆದರೆ ತೆರಿಗೆ ಕಟ್ಟಿಯೂ ಬೀಗ ಹಾಕಿಡಬಲ್ಲ ಸಿರಿವಂತರನ್ನು ಅದು ಅಷ್ಟಾಗಿ ಕದಲಿಸಲಾರದು.

ನನಗೆ ಹೆಚ್ಚು ಭರವಸೆ ಮೂಡಿಸಿರುವುದು ಮ್ಯಾಸಚೂಸೆಟ್ಸ್ 2024ರಲ್ಲಿ ತಂದ ವಸತಿ ಕಾನೂನು. ಋತುಮಾನದ ಊರುಗಳೆಂದು ಗುರುತಿಸಲಾದ ಸ್ಥಳಗಳ ಆಡಳಿತಗಳು ಅದರನ್ವಯ, ಒಂದು ಮನೆಯಲ್ಲಿ ವರ್ಷವಿಡೀ ವಾಸವಿರಬೇಕೆಂಬ ಕರಾರನ್ನು ಮಾಲೀಕರಿಂದ ಹಣ ಕೊಟ್ಟು ಪಡೆದುಕೊಳ್ಳಬಹುದು. ಹೊಸ ಮನೆ ಕಟ್ಟಲು ಜಾಗ ವಿರಳವಾಗಿರುವ ದ್ವೀಪದಲ್ಲಿ ಈಗಾಗಲೇ ನಿಂತಿರುವ ಮನೆಗಳಿಗೂ ಈ ಕರಾರು ಅನ್ವಯವಾಗಬಲ್ಲದು. ಇಂತಹ ಕರಾರುಗಳಿಗೆ ಸಾಕಷ್ಟು ಹಣ ಮೀಸಲಿಟ್ಟರೆ, ದಾದಿಯೊಬ್ಬಳು ಜೂನ್ ತಿಂಗಳಲ್ಲೂ ತನ್ನದೇ ಅಡುಗೆಮನೆಯಲ್ಲಿ ಊಟ ಮುಗಿಸಿ ರಾತ್ರಿ ಪಾಳಿಗೆ ಹೊರಡಬಹುದು.